ಬಂದ ವಿಷಯ ಏನಪ್ಪಾ ಅಂದ್ರೆ

ನಮ್ಮ ಚನ್ನಗಿರಿ, ಹೊನ್ನಾಳಿ ಕಡೆ ಮನೆಗೆ ಬಂದವರು ಬಂದ ವಿಷಯವನ್ನು ಬಂದ ಕೂಡಲೇ ಹೇಳುವುದಿಲ್ಲ. ಕೈಕಾಲಿಗೆ ನೀರು ಕೊಟ್ಟು, ಕುಡಿಯೋಕೆ ಒಂದು ಚೊಂಬು ಮುಂದಿಟ್ಟು, ‘ಕುತ್ಕಳಪ್ಪ, ಇಂಥ ಬಿಸ್ಲಾಗೆ ಬಂದೀಯ’ ಅಂದಲ್ಲಿಂದ ಮಾತು ಶುರು. ಮಳೆ ಎಲ್ಲಿ ತನಕ ಬಂತು, ಬೋರು ಎಷ್ಟು ಇಂಚು ಹೊಡೀತಿದೆ, ಬೀಗರ ಊರಿನ ತೇರು ಯಾವಾಗ, ಚಿಗಪ್ಪನ ಮಂಡಿನೋವು ಹೆಂಗಿದೆ, ಕೆಂದು ಹಸು ಕರು ಹಾಕ್ತೋ ಇಲ್ಲವೋ. ನಡುವೆ ಮಂಡಕ್ಕಿ ಬರುತ್ತದೆ, ಟೀ ಬರುತ್ತದೆ, ಎಲೆ ಅಡಿಕೆ ತಟ್ಟೆ ಬರುತ್ತದೆ. ಅಷ್ಟೂ ಮುಗಿದು, ಎದ್ದು, ಹೆಗಲ ಮೇಲಿನ ಟವೆಲ್ ಕೊಡವಿ, ಒಂದು ಕಾಲನ್ನು ಚಪ್ಪಲಿಗೆ ತೂರಿಸಿದ ಮೇಲೆ ಅವರ ಬಾಯಿಂದ ಬರುತ್ತದೆ: ‘ಅಯ್ಯೋ, ಮರ್ತೇ ಬಿಟ್ಟಿದ್ದೆ ನೋಡು. ಬಂದ ವಿಷಯ ಏನಪ್ಪಾ ಅಂದ್ರೆ...’

ಬೇರೆ ಊರುಗಳಿಂದ ಬಂದು ನೆಲೆಸಿದವರಿಗೆ, ಪಟ್ಟಣದಲ್ಲಿ ಓದಿ ಹಿಂತಿರುಗಿದ ನಮ್ಮದೇ ಹುಡುಗರಿಗೆ ಇದು ಬೇಸರ ತರಿಸುತ್ತದೆ. ಐದು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಯಾಕೆ ಅಂತ ಅವರು ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೇಳಬೇಕಾದ್ದನ್ನು ಬಿಟ್ಟು ಮಾತು ಅಡ್ಡದಾರಿ ಹಿಡಿದಾಗ ಅದು ಸುಮ್ಮನೆ ಎತ್ತಲೋ ಹೋಗುವುದಿಲ್ಲ. ಮನಸ್ಸಿನಲ್ಲಿ ಏನು ಕೂತಿದೆಯೋ ಅತ್ತ ಕಡೆಗೇ ಹೊರಳುತ್ತದೆ. ನೇರ ಮಾತಿನಲ್ಲಿ ಮನುಷ್ಯ ತಾನು ಹೇಳಬೇಕು ಅಂದುಕೊಂಡದ್ದನ್ನು ಹೇಳುತ್ತಾನೆ. ದಾರಿ ಬಿಟ್ಟ ಮಾತಿನಲ್ಲಿ ಅವನಿಗೆ ನಿಜವಾಗಿ ಏನಾಗಿದೆ ಅನ್ನುವುದು ತಿಳಿಯುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಜಗಲಿ, ಕಣ, ಬಸ್ ಸ್ಟ್ಯಾಂಡುಗಳಲ್ಲಿ ಇಷ್ಟು ಕಾಲ ಕೂತು ಕೇಳಿದ ಮೇಲೆ ನನಗೆ ಗಟ್ಟಿಯಾಗಿರುವ ನಂಬಿಕೆ ಇದು.

ಚಿಕ್ಕಂದಿನಲ್ಲಿ ಕಂಡ ಒಂದು ಸಂಜೆ ಈ ನಂಬಿಕೆಗೆ ಮೂಲ. ಹಿಂದಿನ ಬೀದಿಯ ಒಬ್ಬರು ನಮ್ಮ ಜಗಲಿಗೆ ಬಂದು ಕೂತರು. ಅಪ್ಪನಿಗಿಂತ ಸ್ವಲ್ಪ ಕಿರಿಯರು. ಅಪ್ಪನನ್ನು ಅಣ್ಣ ಅಂತಲೇ ಕರೆಯುತ್ತಿದ್ದರು. ಎತ್ತಿನ ಕಾಲಿಗೆ ಲಾಳ ಕಟ್ಟಿಸಿದ್ದು, ಬಸವಾಪಟ್ಟಣದ ಸಂತೆಯಲ್ಲಿ ಮೆಣಸಿನಕಾಯಿ ರೇಟು ಬಿದ್ದದ್ದು, ಊರ ಗುಡಿಗೆ ಬಣ್ಣ ಬಳಿಸುವ ವಿಚಾರ, ಹೀಗೆ ಎಲ್ಲ ಆಡಿದರು. ಕತ್ತಲಾಯಿತು, ಎದ್ದರು. ಬಂದ ವಿಷಯ ಏನಪ್ಪಾ ಅಂದ್ರೆ ಅನ್ನುವ ಮಾತು ಬರಲೇ ಇಲ್ಲ. ‘ಬರ್ತೀನಣ್ಣ’ ಅಂದು ಹೋಗಿಬಿಟ್ಟರು. ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಅಪ್ಪನಿಗೆ ಹೇಳಿದಳು: ‘ಅಡಿಕೆ ದುಡ್ಡು ಬಂತೇನಣ್ಣ ಅಂತ ಮೂರು ಸಲ ಕೇಳಿದ್ನಲ್ಲ, ಕೇಳುಸ್ಕಂಡ್ರಾ? ಹುಡುಗಿನ್ನ ಆಸ್ಪತ್ರೆಗೆ ಹಾಕ್ಯಾರಂತೆ. ಬೆಳಿಗ್ಗೆ ಹೋಗಿ ಕೊಟ್ಟು ಬರ್ರಿ.’ ಅಪ್ಪ ಎದುರು ಕೂತು ಅಷ್ಟೂ ಮಾತು ಕೇಳಿದ್ದ. ಅವ್ವ ಒಲೆ ಮುಂದಿನಿಂದಲೇ ಕೇಳಿದ್ದಳು. ಎತ್ತಿನಿಂದಲೂ ಮೆಣಸಿನಕಾಯಿಯಿಂದಲೂ ಗುಡಿಯಿಂದಲೂ ಮಾತು ಮತ್ತೆ ಮತ್ತೆ ದುಡ್ಡಿನ ಕಡೆಗೇ ಹೊರಳಿದ್ದನ್ನು ಅವಳ ಕಿವಿ ಬಿಟ್ಟಿರಲಿಲ್ಲ. ಮಾರನೇ ದಿನ ಅಪ್ಪ ಅವರ ಮನೆಗೆ ಹೋದ. ಅವನೂ ನೇರವಾಗಿ ಏನನ್ನೂ ಹೇಳಲಿಲ್ಲ. ಅವರ ಹಿತ್ತಲಿನ ತೆಂಗಿಗೆ ಬಿದ್ದ ನುಸಿಯ ವಿಚಾರ ಮಾತಾಡಿ, ಹೊರಡುವಾಗ ಬಾಗಿಲ ಹತ್ತಿರ ‘ಇದನ್ನ ಇಟ್ಕ, ಕೈಗೆ ಬಂದಾಗ ಕೊಡೀಯಂತೆ’ ಅಂದ. ಸಾಲ ಕೇಳುವ ಮಾತೂ ಕೊಡುವ ಮಾತೂ ಆಗಲೇ ಇಲ್ಲ. ಯಾರ ತಲೆಯೂ ತಗ್ಗಲಿಲ್ಲ.

ಕಾಗದ ಬರೆಯುವ ಕಾಲದಲ್ಲೂ ಹೀಗೇ ಇತ್ತು. ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಿ’ ಅಂತ ಶುರುವಾದ ನೀಲಿ ಇನ್‌ಲ್ಯಾಂಡ್ ಲೆಟರಿನ ದೊಡ್ಡ ಪುಟದಲ್ಲಿ ಊರ ಸುದ್ದಿಯೆಲ್ಲ ತುಂಬಿರುತ್ತಿತ್ತು. ಅಕ್ಷರಗಳು ಮೇಲೆ ದಪ್ಪ, ಕೆಳಗೆ ಬರುತ್ತಾ ಸಣ್ಣ. ಜಾಗ ಮುಗಿದ ಮೇಲೆ, ಮಡಿಸಿ ಅಂಟಿಸುವ ಪಟ್ಟಿಯ ಮೇಲೆ ಅಡ್ಡಡ್ಡಲಾಗಿ, ಅಂಟಿನ ಗೆರೆ ದಾಟದಂತೆ ಒತ್ತೊತ್ತಾಗಿ ಬರೆದ ಎರಡು ಸಾಲಿರುತ್ತಿದ್ದವು. ಕಾಗದ ಒಡೆದವರು ಅದನ್ನು ಓದೋಕೆ ಹಾಳೆಯನ್ನು ತಿರುಗಿಸಿ ಹಿಡಿಯಬೇಕಿತ್ತು. ಅವ್ವ ತವರಿಂದ ಬಂದ ಕಾಗದವನ್ನು ಮೊದಲು ಹಾಗೆ ತಿರುಗಿಸಿಯೇ ಓದಿಸಿಕೊಳ್ಳುತ್ತಿದ್ದಳು. ಅಜ್ಜಿಗೆ ಕಣ್ಣು ಕಾಣುವುದು ಕಮ್ಮಿಯಾಗಿದೆ ಅನ್ನುವುದೋ, ತಂಗಿಯನ್ನು ನೋಡೋಕೆ ಬಂದ ಗಂಡಿನ ಕಡೆಯವರು ಏನೂ ಹೇಳಿ ಕಳಿಸಿಲ್ಲ ಅನ್ನುವುದೋ ಆ ಪಟ್ಟಿಯಲ್ಲೇ ಇರುತ್ತಿತ್ತು.

ಈಗ ಚನ್ನಗಿರಿಯ ಅಡಿಕೆ ಕಣಕ್ಕೆ ಬರುತ್ತೇನೆ. ಗಣಪತಿ ಹಬ್ಬದ ಆಸುಪಾಸಿಗೆ ಕೊಯ್ಲು ಶುರುವಾದರೆ ಈ ತಾಲ್ಲೂಕಿನಲ್ಲಿ ಬೇರೆ ಲೋಕವೇ ಇಲ್ಲ. ಸುಲಿಯುವ ಯಂತ್ರಗಳು ಬಂದ ಮೇಲೆ ಹಳೆಯ ಸುಲಿತ ಕಮ್ಮಿಯಾಗಿದೆ. ಆದರೆ ಇನ್ನೂ ಕೆಲವು ಮನೆಗಳಲ್ಲಿ ರಾತ್ರಿ ಬಲ್ಬು ಹಾಕಿಕೊಂಡು ಹೆಂಗಸರು ಸಾಲಾಗಿ ಕೂರುತ್ತಾರೆ. ಮುಂದೆ ಮಣೆಗೆ ಕೂರಿಸಿದ ಕತ್ತಿ, ಪಕ್ಕದಲ್ಲಿ ಹಸಿ ಅಡಿಕೆ ಗುಡ್ಡೆ, ಇನ್ನೊಂದು ಪಕ್ಕದಲ್ಲಿ ಸಿಪ್ಪೆ, ಕಾಲ ಹತ್ತಿರ ಡಬ್ಬ. ಡಬ್ಬದ ಲೆಕ್ಕದಲ್ಲಿ ಕೂಲಿ. ಒಂದು ಕಾಯಿ ಕೈಗೆ ಬರುತ್ತದೆ, ಕತ್ತಿಯ ಬಾಯಿಗೆ ತಾಗುತ್ತದೆ, ಒಂದು ತಿರುವು, ಇನ್ನೊಂದು ತಿರುವು, ಸಿಪ್ಪೆ ಅತ್ತ, ಬೆತ್ತಲೆ ಅಡಿಕೆ ಇತ್ತ. ಬೆರಳುಗಳು ಚೊಗರು ಹತ್ತಿ ಕಪ್ಪಾಗಿವೆ. ಎಷ್ಟು ತೊಳೆದರೂ ಸುಗ್ಗಿ ಮುಗಿಯುವ ತನಕ ಅದು ಹೋಗುವುದಿಲ್ಲ. ಕಣ್ಣು ಎದುರಿನವರ ಮುಖದ ಮೇಲಿದ್ದರೂ ಕೈ ಒಂದು ಕಾಯಿಯನ್ನೂ ತಪ್ಪುವುದಿಲ್ಲ.

ಆ ಸಾಲಿನಲ್ಲಿ ಮಾತು ಹೇಗೆ ಸಾಗುತ್ತದೆ ಅಂತ ಕೇಳಬೇಕು. ಒಬ್ಬಾಕೆ ತನ್ನ ಸೊಸೆಯ ಸೀಮಂತದ ವಿಚಾರ ಎತ್ತುತ್ತಾಳೆ. ಸೀಮಂತದ ಸೀರೆಯಿಂದ ದಾವಣಗೆರೆ ಅಂಗಡಿಗೆ, ಅಂಗಡಿಯಿಂದ ಬಸ್ಸಿಗೆ, ಬಸ್ಸಿನಲ್ಲಿ ಸಿಕ್ಕ ಹಳೆಯ ಗೆಳತಿಗೆ, ಆ ಗೆಳತಿಯ ಗಂಡ ತೀರಿಹೋದದ್ದಕ್ಕೆ. ಅಲ್ಲಿ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ, ಕತ್ತಿಯ ಚರ್ ಚರ್ ಮಾತ್ರ ಕೇಳುತ್ತದೆ. ಆಮೇಲೆ ಯಾರೋ ‘ಅವ್ರ ತೋಟ ಯಾರು ಖೇಣಿ ಹಿಡಿದ್ರಂತೆ?’ ಅಂತ ಕೇಳುತ್ತಾರೆ. ಅಲ್ಲಿಂದ ಮಾತು ಅಡಿಕೆ ಮಾರಾಟದ ಸಹಕಾರ ಸಂಘವಾದ ತುಮ್ಕೋಸ್‌ಗೆ, ಇವತ್ತಿನ ರಾಶಿ ಅಡಿಕೆ ಧಾರಣೆಗೆ. ಸೀಮಂತ ಎಲ್ಲೋ ಉಳಿಯಿತು. ಚನ್ನಗಿರಿಯಲ್ಲಿ ಯಾವ ಮಾತನ್ನು ಬಿಟ್ಟರೂ ಕೊನೆಗೆ ಅದು ಅಡಿಕೆ ಧಾರಣೆಗೆ ಬಂದು ಮುಟ್ಟುತ್ತದೆ. ಅದರಲ್ಲಿ ಆಸೆಬುರುಕತನ ಇಲ್ಲ. ಆ ಧಾರಣೆಯ ಮೇಲೆಯೇ ಸೀಮಂತವೂ ನಿಂತಿದೆ, ಸೀರೆಯೂ ನಿಂತಿದೆ, ಗಂಡನನ್ನು ಕಳಕೊಂಡವಳ ಮುಂದಿನ ವರ್ಷವೂ ನಿಂತಿದೆ. ಮಾತು ವಿಷಯ ಬಿಟ್ಟು ಹೋಯಿತು ಅನ್ನುವವರು ಅದು ವಿಷಯದ ಬುಡಕ್ಕೇ ಹೋದದ್ದನ್ನು ಗಮನಿಸಿರುವುದಿಲ್ಲ.

ಅದೇ ಮನೆಯ ಹಿತ್ತಲಿನಲ್ಲಿ, ಅಡಿಕೆ ಬೇಯಿಸುವ ಹಂಡೆಯ ಹತ್ತಿರ, ಬೇರೆಯೇ ಕಾನೂನು. ಅಲ್ಲಿ ನಿಂತವರಿಗೆ ಮೈಮರೆಯುವ ಹಕ್ಕಿಲ್ಲ. ಬೆಂಕಿ ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ; ಬೇಯಬೇಕಾದ ಹದ ಮೀರಿದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ಬೆಲೆ ಬೀಳುತ್ತದೆ. ಒಂದು ಅಡಿಕೆ ತೆಗೆದು ಒತ್ತಿ ನೋಡುತ್ತಾ, ಚೊಗರಿನ ಕೆಂಪನ್ನು ಗಮನಿಸುತ್ತಾ ನಿಂತವರ ಹತ್ತಿರ ಯಾರೂ ಕಥೆ ತೆಗೆಯುವುದಿಲ್ಲ. ಹಾಗೆಯೇ ಭದ್ರಾ ನಾಲೆಯ ಕೊನೆ ಭಾಗದ ಗದ್ದೆಗಳಿಗೆ ರಾತ್ರಿ ನೀರು ಕಟ್ಟೋಕೆ ಹೋದವರು. ತಮ್ಮ ಸರದಿಯ ಹೊತ್ತಿನಲ್ಲಿ ಬದುವಿನ ಮೇಲೆ ಕೂತು ಮಾತಿಗೆ ಬಿದ್ದರೆ ನೀರು ಪಕ್ಕದವರ ಗದ್ದೆಗೆ ಹರಿದುಹೋಗುತ್ತದೆ, ಆಮೇಲೆ ಮುಂದಿನ ಸರದಿಯ ತನಕ ಪೈರು ಕಾಯಬೇಕು. ಎಲ್ಲಿ ಮನಸ್ಸನ್ನು ಅಡ್ಡಾಡೋಕೆ ಬಿಡಬಹುದು, ಎಲ್ಲಿ ಬಿಡಬಾರದು ಅನ್ನುವುದು ಇಲ್ಲಿನ ದುಡಿಯುವ ಜನಕ್ಕೆ ಯಾರೂ ಹೇಳಿಕೊಡದೆ ಗೊತ್ತಿದೆ. ಸುಲಿತದ ಸಾಲಿನಲ್ಲಿ ಬಾಯಿ ತೆರೆದವರೇ ಹಂಡೆಯ ಹತ್ತಿರ ಬಂದಾಗ ಬಾಯಿ ಮುಚ್ಚುತ್ತಾರೆ.

ಚನ್ನಗಿರಿ ತಾಲ್ಲೂಕಿನ ಮಾತಿಗೆ ದೊಡ್ಡ ಹೆಸರು ತಂದವರು ಕಾರಿಗನೂರಿನ ಜೆ. ಎಚ್. ಪಟೇಲರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ ಹೋಗಿ, ಆ ಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದವರು ಅವರು. ಚನ್ನಗಿರಿಯವರು ಇದನ್ನು ಇವತ್ತಿಗೂ ತಮ್ಮ ಮನೆಯ ಸಂಗತಿಯ ಹಾಗೆ ಹೇಳಿಕೊಳ್ಳುತ್ತಾರೆ. 1996ರಿಂದ 1999ರ ತನಕ ಮುಖ್ಯಮಂತ್ರಿಯಾಗಿದ್ದಾಗಲೂ ಅವರ ಮಾತಿನ ಧಾಟಿ ನಮ್ಮ ಜಗಲಿಯದೇ. ಒಂದು ಪ್ರಶ್ನೆ ಬಂದರೆ ಉತ್ತರಕ್ಕೆ ಮೊದಲು ಒಂದು ಪ್ರಸಂಗ ಬರುತ್ತಿತ್ತು. ಕೇಳುವವರು ಪ್ರಶ್ನೆಯನ್ನೇ ಮರೆತು ನಗುತ್ತಿರುವಾಗ ಆ ಪ್ರಸಂಗದ ಕೊನೆಯಲ್ಲಿ ಉತ್ತರ ಕೂತಿರುತ್ತಿತ್ತು. ಅವರ ಕಾಲದಲ್ಲೇ, 1997ರಲ್ಲಿ, ದಾವಣಗೆರೆ ಜಿಲ್ಲೆಯಾದದ್ದು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಬಳ್ಳಾರಿಯಿಂದ ಹರಪನಹಳ್ಳಿ ಬಂದು ಸೇರಿದವು. ಹರಪನಹಳ್ಳಿ ಆಮೇಲೆ ಮರಳಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮಲೆನಾಡಿನ ಸೆರಗಿನ ಅಡಿಕೆ ಸೀಮೆಯೂ ಬರದ ಬಯಲುಸೀಮೆಯೂ ಒಂದೇ ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತುವಂತಾಯಿತು. ಹಾಗಾಗಿಯೇ ಈ ಊರುಗಳ ಮಾತನ್ನು ಒಂದೇ ಬಸ್ಸಿನಲ್ಲಿ ಕೂತು ಕೇಳುವ ಭಾಗ್ಯ ನಮ್ಮದಾಗಿದೆ.

ಪ್ರಸಂಗದೊಳಗೆ ಪ್ರಸಂಗ ತರುವ ಈ ರೂಢಿಯನ್ನು ನಮ್ಮ ಜನ ಹರಿಕಥೆಯಿಂದಲೇ ಕಲಿತರೋ ಏನೋ. ದಾಸರು ಸುಧನ್ವನ ಕಾಳಗ ಹೇಳುತ್ತಿರುವಾಗ ಉಪಕಥೆಯೊಂದು ನುಗ್ಗುತ್ತದೆ. ಆ ಉಪಕಥೆಯಲ್ಲಿ ಒಬ್ಬ ಜಿಪುಣ ಬರುತ್ತಾನೆ, ಅವನ ಹೆಂಡತಿ ಬರುತ್ತಾಳೆ, ಹಾರ್ಮೋನಿಯಂನವನೂ ಒಂದು ಮಾತು ಸೇರಿಸುತ್ತಾನೆ. ಇತ್ತ ಕಾದ ಎಣ್ಣೆಯ ಕೊಪ್ಪರಿಗೆಯ ಮುಂದೆ ಸುಧನ್ವ ಹಾಗೇ ನಿಂತಿದ್ದಾನೆ. ಮಕ್ಕಳಾಗಿದ್ದಾಗ ನಾವು ಚಾಪೆಯ ಮೇಲೆ ಕೂತು ಅವನ ಗತಿ ಏನಾಯಿತೋ ಅಂತ ಒಳಗೊಳಗೇ ತಳಮಳಿಸುತ್ತಿದ್ದೆವು. ದಾಸರು ಚಿಟಿಕೆ ತಟ್ಟಿ ಕಥೆಗೆ ಮರಳಿದಾಗ ಸುಧನ್ವ ನಮಗೆ ಮೊದಲಿಗಿಂತ ಹತ್ತಿರದವನಾಗಿರುತ್ತಿದ್ದ. ಅವನನ್ನು ನೆನೆಯುತ್ತಲೇ ಅಷ್ಟು ಹೊತ್ತು ಕಳೆದಿದ್ದೆವಲ್ಲ.

ಮಾತು ಮರೆಯುವುದು ಒಂದಾದರೆ ಕೆಲಸ ಮರೆಯುವುದು ಇನ್ನೊಂದು. ನಡುಮನೆಯಿಂದ ಕೋಣೆಗೆ ಏನನ್ನೋ ತರೋಕೆ ಹೋಗಿ, ಹೊಸ್ತಿಲು ದಾಟಿದ ಮೇಲೆ ಯಾತಕ್ಕೆ ಬಂದೆ ಅನ್ನುವುದೇ ತೋಚದೆ ನಿಲ್ಲುವುದು ಎಲ್ಲರಿಗೂ ಆಗುವಂಥದ್ದು. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಗೇಬ್ರಿಯಲ್ ರಾಡ್ವಾನ್ಸ್ಕಿ ಮತ್ತು ಅವರ ಜೊತೆಗಾರರು ಇದನ್ನೇ ಹಿಡಿದು ಪ್ರಯೋಗ ಮಾಡಿ 2011ರಲ್ಲಿ ಪ್ರಕಟಿಸಿದರು. ಒಂದೇ ಕೋಣೆಯಲ್ಲಿ ಅಷ್ಟೇ ದೂರ ನಡೆದವರಿಗಿಂತ ಬಾಗಿಲು ದಾಟಿ ಇನ್ನೊಂದು ಕೋಣೆಗೆ ಹೋದವರು ಕೈಯಲ್ಲಿದ್ದ ವಸ್ತು ಯಾವುದು ಅನ್ನುವುದನ್ನು ಹೆಚ್ಚಾಗಿ ಮರೆಯುತ್ತಿದ್ದರು. ಬಾಗಿಲು ದಾಟಿದ್ದೇ ಮನಸ್ಸು ಹಿಂದಿನ ಜಾಗದ ಲೆಕ್ಕವನ್ನು ಮುಚ್ಚಿ ಹೊಸದನ್ನು ತೆರೆಯುತ್ತದೆ ಅನ್ನುವುದು ಅವರ ವಿವರಣೆ.

ನನ್ನ ಅಜ್ಜಿಗೆ ಇದಕ್ಕೊಂದು ಉಪಾಯ ಗೊತ್ತಿತ್ತು. ಯಾತಕ್ಕೆ ಬಂದೆ ಅನ್ನುವುದು ಮರೆತರೆ ಅವಳು ವಾಪಸ್ ಹೋಗಿ ಮೊದಲು ನಿಂತಿದ್ದ ಜಾಗದಲ್ಲೇ ನಿಲ್ಲುತ್ತಿದ್ದಳು. ಬೀಸುವ ಕಲ್ಲಿನ ಪಕ್ಕವಾದರೆ ಕಲ್ಲಿನ ಪಕ್ಕ, ತುಳಸಿ ಕಟ್ಟೆಯಾದರೆ ಕಟ್ಟೆ. ‘ಆ, ಜರಡಿ’ ಅಂದು ನೇರ ಒಳಗೆ ಹೋಗಿ ಜರಡಿ ತರುತ್ತಿದ್ದಳು. ರಾಡ್ವಾನ್ಸ್ಕಿಯವರ ಪ್ರಯೋಗದಲ್ಲಿ ಮೊದಲ ಕೋಣೆಗೆ ಮರಳಿದವರಿಗೆ ಅಂಥ ಅನುಕೂಲವೇನೂ ಆಗಲಿಲ್ಲವಂತೆ. ಆದರೆ 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ನೀರಿನಲ್ಲಿ ಮುಳುಗುವವರ ಮೇಲೆ ಪರೀಕ್ಷೆ ಮಾಡಿದಾಗ, ನೀರಿನಡಿ ಕಲಿತ ಪದಗಳು ನೀರಿನಡಿಯಲ್ಲೇ ಚೆನ್ನಾಗಿ ನೆನಪಾದವು, ದಡದ ಮೇಲೆ ಕಲಿತವು ದಡದ ಮೇಲೆ. ನಾನು ಅಜ್ಜಿಯ ಪಕ್ಷ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಂತೆಗೆ ಹೋಗುತ್ತಿದ್ದ ಅವಳ ಓರಗೆಯ ಹೆಂಗಸರೆಲ್ಲರ ಪಕ್ಷ. ಅವರು ನೆನಪನ್ನು ತಲೆಯೊಳಗೆ ಮಾತ್ರ ಇಡಲಿಲ್ಲ. ನಿಂತ ಜಾಗದಲ್ಲಿ, ಬಟ್ಟೆಯಲ್ಲಿ, ಬೆರಳಿನಲ್ಲಿ ಹಂಚಿಟ್ಟಿದ್ದರು.

ಬಾಗಿಲಲ್ಲಿ ಮೈಮರೆತವಳಿಗೆ ಬಂದ ಶಿಕ್ಷೆಯ ಕಥೆ ನಮಗೆಲ್ಲ ಗೊತ್ತು. ದುಷ್ಯಂತನ ಧ್ಯಾನದಲ್ಲಿ ಕೂತ ಶಕುಂತಲೆಗೆ ಆಶ್ರಮದ ಬಾಗಿಲಿಗೆ ಬಂದ ದುರ್ವಾಸರ ದನಿ ಕೇಳಲಿಲ್ಲ. ಯಾರನ್ನು ನೆನೆಯುತ್ತಾ ನನ್ನನ್ನು ಮರೆತೆಯೋ ಅವನು ನಿನ್ನನ್ನು ಮರೆಯಲಿ ಅಂತ ಶಾಪವಾಯಿತು. ವ್ಯಾಸಭಾರತದ ಶಕುಂತಲೆಯ ಕಥೆಯಲ್ಲಿ ಈ ಶಾಪ ಇಲ್ಲ, ಕಾಳಿದಾಸ ತಂದದ್ದು. ಅತಿಥಿಯನ್ನು ಕಾಯಿಸುವುದು ತಪ್ಪೇ ಸರಿ. ಆದರೂ ಆ ಹುಡುಗಿಯ ಮೇಲೆ ಸಿಟ್ಟಾಗೋಕೆ ನನಗೆ ಯಾವತ್ತೂ ಸಾಧ್ಯವಾಗಿಲ್ಲ. ಅವಳ ಗಮನ ಎಲ್ಲಿಯೂ ಇಲ್ಲದೆ ಅಲೆಯುತ್ತಿರಲಿಲ್ಲ, ಒಂದೇ ಕಡೆ ಪೂರ್ತಿ ಇತ್ತು. ದೂರ ಹೋದ ಗಂಡನನ್ನು ನೆನೆಯುತ್ತಾ ಒಲೆಯ ಮೇಲಿನ ಹಾಲು ಉಕ್ಕಿಸಿದ ಹೊಸ ಸೊಸೆಯನ್ನು ನಮ್ಮ ಊರಿನ ಅತ್ತೆಯಂದಿರು ಬೈದಿದ್ದನ್ನು ಕೇಳಿದ್ದೇನೆ. ‘ಹೋಗ್ಲಿ ಬಿಡವ್ವ, ಅವನ ಕಾಗದ ಬಂದಿಲ್ಲ’ ಅಂತ ಮೆಲ್ಲಗೆ ಹೇಳಿದ ಅತ್ತೆಯರನ್ನೂ ನೋಡಿದ್ದೇನೆ.

ಕೆಲಸಕ್ಕೆ ಹೊರಟು ದಾರಿ ತಪ್ಪುವುದರಲ್ಲಿ ನ್ಯಾಮತಿಯ ವಿಚಾರ ಬೇರೆ ಥರದ್ದು. 2017–18ರ ಹೊತ್ತಿಗೆ ರಾಜ್ಯದಲ್ಲಿ ಹೊಸ ತಾಲ್ಲೂಕುಗಳಾದಾಗ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿಯೂ ತಾಲ್ಲೂಕಾಯಿತು. ಅದಕ್ಕೂ ಮೊದಲು ಒಂದು ಪಹಣಿ ಬೇಕಾದರೂ, ಖಾತೆ ಬದಲಾವಣೆಯಾದರೂ, ಪಿಂಚಣಿಯ ಅರ್ಜಿಯಾದರೂ ಹೊನ್ನಾಳಿಯ ತಾಲ್ಲೂಕು ಕಚೇರಿಗೇ ಹೋಗಬೇಕಿತ್ತು. ಬೆಳಗುತ್ತಿಯಿಂದಲೋ ಚೀಲೂರಿನಿಂದಲೋ ಹೊರಟವರ ದಿನ ಹೇಗಿರುತ್ತಿತ್ತು ಅನ್ನುವುದನ್ನು ಅವರ ಬಾಯಲ್ಲೇ ಕೇಳಬೇಕು. ಸಾಹೇಬರು ಇನ್ನೂ ಬಂದಿಲ್ಲ ಅಂದ ಕೂಡಲೇ ತುಂಗಭದ್ರೆಯ ದಡಕ್ಕೆ ಹೋಗಿ ಮುಖ ತೊಳೆಯುವುದು, ರಾಯರ ಮಠದಲ್ಲಿ ಕೈ ಮುಗಿಯುವುದು, ಇಲ್ಲಾ ಹಿರೇಕಲ್ಮಠಕ್ಕೆ ಹೋಗಿ ಪ್ರಸಾದ ಮಾಡಿ ಬರುವುದು. ದಾರಿಯಲ್ಲಿ ಸೋದರಮಾವನ ಮಗಳು ಸಿಕ್ಕಿ ‘ಉಂಡ್ಕಂಡೇ ಹೋಗ್ಬೇಕು’ ಅನ್ನುವುದು. ಊಟ ಮುಗಿಸಿ ಬರುವಷ್ಟರಲ್ಲಿ ಸಾಹೇಬರು ಬಂದು ಹೋಗಿರುವುದು. ಹೋದ ಪುಟ್ಟ ಬಂದ ಪುಟ್ಟ ಅಂತ ಮನೆಯಲ್ಲಿ ಬೈಸಿಕೊಂಡರೂ, ಆ ಒಂದು ದಿನದಲ್ಲಿ ಎರಡು ಮನೆಯ ಹಳೆಯ ಮುನಿಸು ಮುಗಿದಿರುತ್ತಿತ್ತು, ಒಂದು ಸಂಬಂಧದ ಮಾತು ಎದ್ದಿರುತ್ತಿತ್ತು.

ನ್ಯಾಮತಿ ತಾಲ್ಲೂಕಾದದ್ದು ಒಳ್ಳೆಯದೇ. ಮೊಣಕಾಲು ಹಿಡಿದ ಅಜ್ಜಂದಿರು ಸಂಧ್ಯಾಸುರಕ್ಷೆಯ ದುಡ್ಡಿಗಾಗಿ ಎರಡು ಬಸ್ಸು ಬದಲಿಸಬೇಕಿಲ್ಲ. ಕೂಲಿ ಬಿಟ್ಟು ಬರುವವರಿಗೆ ಅರ್ಧ ದಿನ ಉಳಿಯಿತು. ಹಳೆಯ ಓಡಾಟಕ್ಕೆ ಮರಳಬೇಕು ಅಂತ ನಾನು ಹೇಳಲಾರೆ. ಆದರೆ ದಾರಿಯಲ್ಲಿ ಆಗುತ್ತಿದ್ದ ಆ ಉಳಿದ ಕೆಲಸಗಳಿಗೆ ಬೇರೆ ಯಾವ ಕಚೇರಿಯೂ ತೆರೆಯಲಿಲ್ಲ.

ಕಚೇರಿಯೊಳಗಿನ ಇನ್ನೊಂದು ನೋವೂ ಇದೆ. ಕೌಂಟರಿನ ಮುಂದೆ ನಿಂತ ವಯಸ್ಸಾದವರು ತಮ್ಮ ಅರ್ಜಿಯ ವಿಷಯವನ್ನು ಅಜ್ಜನ ಕಾಲದಿಂದ ಶುರು ಮಾಡುತ್ತಾರೆ. ಅಜ್ಜನಿಗೆ ಇಬ್ಬರು ಹೆಂಡಿರು, ದೊಡ್ಡ ಹೆಂಡತಿಯ ಮಗ ಊರು ಬಿಟ್ಟದ್ದು, ಬರಗಾಲದಲ್ಲಿ ಎರಡು ಎಕರೆ ಕೈಬಿಟ್ಟದ್ದು. ಹಿಂದೆ ಸಾಲು ಬೆಳೆದಿರುತ್ತದೆ. ‘ವಿಷಯಕ್ಕೆ ಬರ್ರಿ ಯಜಮಾನ್ರೇ’ ಅಂತ ಗುಮಾಸ್ತರು ಅನ್ನುತ್ತಾರೆ. ಅವರ ಕಷ್ಟವೂ ಅವರಿಗೆ. ಯಜಮಾನರು ತಬ್ಬಿಬ್ಬಾಗಿ ಸುಮ್ಮನಾಗುತ್ತಾರೆ. ಅವರ ಪಾಲಿಗೆ ಅವರು ವಿಷಯ ಬಿಟ್ಟೇ ಇರಲಿಲ್ಲ. ಸರ್ವೆ ನಂಬರಿನ ಹಿಂದಿನ ತಂಟೆ ಪೂರ್ತಿ ಆ ಎರಡು ಹೆಂಡಿರ ಕಥೆಯಲ್ಲೇ ಇದೆ. ಅದನ್ನು ಕೇಳಿಸಿಕೊಂಡಿದ್ದರೆ ಅರ್ಜಿಯ ಜೊತೆ ಯಾವ ಕಾಗದ ಇಲ್ಲ, ಯಾರ ಸಹಿ ಬೇಕು ಅನ್ನುವುದು ಅಲ್ಲೇ ತಿಳಿಯುತ್ತಿತ್ತು. ಪೂರ್ತಿ ಕೇಳುವ ಗುಮಾಸ್ತರೂ ಇದ್ದಾರೆ. ಅಂಥವರ ಮೇಜಿನ ಮುಂದೆ ಜನ ಹೆಚ್ಚು, ಗಲಾಟೆ ಕಮ್ಮಿ.

ಇದೇ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಅಡ್ಡದಾರಿಯನ್ನೇ ಹಿಡಿಯದ ಮನಸ್ಸುಗಳನ್ನೂ ನೋಡಬಹುದು. 1739ರಲ್ಲಿ ಹುಟ್ಟಿದರೆನ್ನುವ ಸಂತ ಸೇವಾಲಾಲರ ಜನ್ಮಸ್ಥಳ ಅದು. ಫೆಬ್ರುವರಿಯಲ್ಲಿ ಜಯಂತಿಯ ಹೊತ್ತಿಗೆ ಎಲ್ಲೆಲ್ಲಿಯ ತಾಂಡಾಗಳಿಂದಲೋ ಬಂಜಾರ ಭಕ್ತರು ಮಾಲೆ ಹಾಕಿಕೊಂಡು ಕಾಲ್ನಡಿಗೆಯಲ್ಲಿ ಬರುತ್ತಾರೆ. ದಾರಿಯಲ್ಲಿ ಊರುಗಳಿವೆ, ಸಂತೆಗಳಿವೆ, ರಸ್ತೆಯ ಅರ್ಧಕ್ಕೆ ಒಣಗಲು ಹರಡಿದ ಮೆಕ್ಕೆಜೋಳವಿದೆ, ಕರೆದು ಮಾತಾಡಿಸುವ ಜನವಿದ್ದಾರೆ. ನೀರು ಕೊಟ್ಟರೆ ಕುಡಿದು ಕೈಮುಗಿದು ಮುಂದೆ ಹೆಜ್ಜೆ ಹಾಕುತ್ತಾರೆ. ಎದೆಯ ಮೇಲಿನ ಮಾಲೆಯನ್ನು ಆಗಾಗ ಕೈ ಮುಟ್ಟಿ ನೋಡುತ್ತದೆ. ಆ ನಡಿಗೆಯ ಮುಂದೆ ನಾನು ತಲೆಬಾಗುತ್ತೇನೆ.

ಹಾಗಂತ ನಡುದಾರಿಯಲ್ಲಿ ನಿಲ್ಲುವವರಿಗೂ ಈ ನೆಲ ಜಾಗ ಮಾಡಿಕೊಟ್ಟಿದೆ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ, ಅದರ ಎದುರಿಗೇ ಬಿಜಾಪುರದ ರಣದುಲ್ಲಾ ಖಾನನ ಕಾಲದ, ದಾರಿಹೋಕರು ತಂಗುವ ಮುಸಾಫಿರ್‌ಖಾನೆ. ರಂಗನಾಥನ ಗುಡಿ ಇದ್ದ ಜಾಗದಲ್ಲಿ ಅದು ಎದ್ದದ್ದು ಅನ್ನುವ ಕಹಿಯೂ ಆ ಕಲ್ಲುಗಳಲ್ಲಿದೆ. ಈಗ ಮದುವೆ ಸಾಮಾನಿಗೆ ದಾವಣಗೆರೆಗೆ ಹೊರಟವರು ಇಲ್ಲಿ ಬಸ್ಸಿಳಿದು, ಮೆಟ್ಟಿಲ ಮೇಲೆ ಕೂತು, ನೀರ ನಡುವಿನ ವಸಂತ ಮಂಟಪ ನೋಡುತ್ತಾ ಹೊತ್ತು ಮರೆಯುವುದನ್ನು ನಾನು ಬಲ್ಲೆ. ಎರಡು ಬಸ್ಸು ಹೋಗುತ್ತವೆ. ಮೂರನೆಯದು ಬರುತ್ತದೆ.

ಜ‌ಗಳೂರಿನ ಮಾತು ಉಳಿದಿದೆ, ಅದನ್ನೇ ಕೊನೆಗೆ ಇಟ್ಟುಕೊಂಡೆ. ಕೊಂಡುಕುರಿಗಳಿಗೆಂದು ರಂಗಯ್ಯನದುರ್ಗದಲ್ಲಿ ಅಭಯಾರಣ್ಯ ಮಾಡಿರುವ ಆ ತಾಲ್ಲೂಕು ಮನುಷ್ಯರ ಪಾಲಿಗೆ ಬಹಳ ಕಾಲ ಬರದ ತಾಲ್ಲೂಕಾಗಿಯೇ ಇತ್ತು. ನಮ್ಮ ಬಳಗದ ಕೆಲವು ಮನೆಗಳು ಅಲ್ಲಿವೆ. ಹಿಂದೆ ಅಲ್ಲಿಗೆ ಹೋದರೆ, ಮಾತು ಎಲ್ಲಿಂದ ಶುರುವಾದರೂ ನೀರಿಗೆ ಬಂದು ನಿಲ್ಲುತ್ತಿತ್ತು. ಹುಡುಗನ ಪರೀಕ್ಷೆ ಕೇಳಿದರೆ ‘ಪಾಸಾದ, ಆದ್ರೆ ಬೋರು ಬತ್ತೋಯ್ತು’. ಕೊಡದಗುಡ್ಡದ ತೇರು ಕೇಳಿದರೆ ‘ತೇರೇನೋ ಎಳೆದ್ವಿ, ಮಳೆ ಮೋಡ ಮಾತ್ರ ಅತ್ಲಾಗೇ ಹೋತು’. ಶೇಂಗಾ, ಮೆಕ್ಕೆಜೋಳ, ಮಗಳ ಬಾಣಂತನ, ಯಾವುದನ್ನು ಹಿಡಿದರೂ ಬಾಯಿ ಆಕಾಶದ ಕಡೆ ತಿರುಗುತ್ತಿತ್ತು. ಮಾತಾಡುತ್ತಾ ಮಾತಾಡುತ್ತಾ ಎದುರಿಗಿದ್ದವರು ಎದ್ದು ಅಂಗಳಕ್ಕೆ ಹೋಗಿ ಮೋಡ ನೋಡಿ ಬಂದು ಮತ್ತೆ ಕೂರುತ್ತಿದ್ದರು. ಬಿಟ್ಟ ಮಾತು ಬಿಟ್ಟೇ ಹೋಗುತ್ತಿತ್ತು. ಅಲ್ಲಿ ಯಾರೂ ಅದನ್ನು ಅವಮಾನ ಅಂದುಕೊಳ್ಳುತ್ತಿರಲಿಲ್ಲ, ಯಾಕಂದರೆ ಕೇಳುತ್ತಿದ್ದವರ ಕಣ್ಣೂ ಅಂಗಳದ ಕಡೆಗೇ ಇರುತ್ತಿತ್ತು.

ಆಮೇಲೆ ತುಂಗಭದ್ರೆಯ ನೀರನ್ನು ಹರಿಹರದ ಕಡೆಯಿಂದ ಎತ್ತಿ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಬಿಸುವ ಯೋಜನೆ ಬಂತು. ಭದ್ರಾ ಮೇಲ್ದಂಡೆ ಯೋಜನೆಗೆ ಕಾಯುತ್ತಲೇ ಇದ್ದ ಜನಕ್ಕೆ ಪೈಪಿನಲ್ಲಿ ಹೊಳೆಯೇ ಬಂದಂತಾಯಿತು. ತಮ್ಮೂರ ಕೆರೆಗೆ ನೀರು ಬಂದ ವಾರ ಅಲ್ಲಿಯ ಮಾವನವರು ಫೋನ್ ಮಾಡಿದರು. ವಯಸ್ಸಾದವರು, ಫೋನಿನಲ್ಲೂ ದೂರದ ಹೊಲಕ್ಕೆ ಕೂಗುವ ಹಾಗೆಯೇ ಮಾತಾಡುತ್ತಾರೆ. ನೀರು ಮೊದಲು ಯಾವ ಮೂಲೆಗೆ ಬಂತು, ಎಷ್ಟು ಹೊತ್ತಿಗೆ ಕೆರೆಯಂಗಳದ ಜಾಲಿ ಗಿಡಗಳ ಬುಡ ಮುಟ್ಟಿತು, ಹೆಂಗಸರು ಆರತಿ ತಟ್ಟೆ ಹಿಡಿದು ಹೇಗೆ ಏರಿ ಮೇಲೆ ನಿಂತರು, ಈಜು ಬಾರದ ಹುಡುಗರನ್ನು ಕಾಯೋಕೆ ಯಾರನ್ನು ನಿಲ್ಲಿಸಿದ್ದಾರೆ, ಬತ್ತಿದ್ದ ಯಾವ ಬಾವಿಯಲ್ಲಿ ಜೌಗು ಕಂಡಿದೆ, ಎಲ್ಲವನ್ನೂ ಹೇಳಿದರು. ಅರ್ಧ ಗಂಟೆ ಆಯಿತು. ‘ಆತು ಕಣಪ್ಪ, ಇಡ್ತೀನಿ’ ಅಂದು ಇಟ್ಟರು.

ಎರಡು ನಿಮಿಷಕ್ಕೆ ಮತ್ತೆ ಫೋನ್ ಬಂತು.

‘ಅಯ್ಯೋ ಮರ್ತೇ ಬಿಟ್ಟಿದ್ದೆ ನೋಡಪ್ಪ. ಮೊಮ್ಮಗಳ ಮದುವೆ ಗೊತ್ತಾತು. ಗಂಡು ಹೊಸದುರ್ಗದ ಕಡೇರು. ಮುಂದಿನ ವಾರ ಶಾಸ್ತ್ರ, ನೀನೂ ನಿಮ್ಮನೇರೂ ಇಬ್ರೂ ಹಿಂದಿನ ದಿನವೇ ಬರ್ಬೇಕು. ಬಂದ್ರೆ ಕೆರೆನೂ ನೋಡಂಗಾಗ್ತೈತೆ.’

ಅಲ್ಲಿಂದ ಮಾತು ಮತ್ತೆ ಕೆರೆಗೆ ಹೋಯಿತು.